ನಾವೇ ಕಟ್ಟಿದ ಪ್ರೋಗ್ರಾಂ ಅಪ್‌ಗ್ರೇಡ್ ಆದ ಮಾರನೇ ದಿನ ಏಕೆ ನಿಲ್ಲುತ್ತದೆ?

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿರುವ ಒಂದು ಡಿಟಿಪಿ ಅಂಗಡಿಗೆ ಲಿನಕ್ಸ್ ಹಾಕಿಕೊಟ್ಟವನು ನಾನೇ. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಟೆಸೆರಾಕ್ಟ್ ಮೂಲಕ ಪುಟದ ಚಿತ್ರವನ್ನು ಪಠ್ಯ ಮಾಡಿಕೊಳ್ಳುವುದು ಅಲ್ಲಿನ ಕೆಲಸ. ಆಗ ಇದ್ದದ್ದು ಲಿನಕ್ಸಿನ ಒಂದು ಬಗೆಯಾದ ಡೆಬಿಯನ್, ಅದರ 11ನೇ ಆವೃತ್ತಿ. ಅದರಲ್ಲಿ ಸಿಗುತ್ತಿದ್ದದ್ದು ಟೆಸೆರಾಕ್ಟ್ 4.1. ನನಗೆ 2021ರ ನವೆಂಬರಿನಲ್ಲಿ ಬಂದ 5ನೇ ಆವೃತ್ತಿಯೇ ಬೇಕಿತ್ತು. ಮೂಲ ಕೋಡ್ ಇಳಿಸಿ, ಅದಕ್ಕೆ ಬೇಕಾದ, ಚಿತ್ರಗಳನ್ನು ಸಂಸ್ಕರಿಸುವ ಲೆಪ್ಟೋನಿಕಾ ಎಂಬ ಲೈಬ್ರರಿಯನ್ನೂ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡು) ಸೇರಿಸಿ ಕಂಪೈಲ್ ಮಾಡಿ, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟಿ, ಕೂರಿಸಿದೆ. ಬಹಳ ದಿನ ಚೆನ್ನಾಗಿಯೇ ಓಡಿತು. ಡೆಬಿಯನ್ 12ಕ್ಕೆ ಏರಿಸಿದ ಮಾರನೇ ದಿನ ಅಂಗಡಿಯ ಹುಡುಗನ ಫೋನ್: "ಅಣ್ಣಾ, ಟೆಸೆರಾಕ್ಟ್ ಓಡ್ತಾನೇ ಇಲ್ಲ. ನಾನೇನೂ ಮುಟ್ಟಿಲ್ಲ ಅಣ್ಣಾ."

ಅವನು ಹೇಳಿದ್ದು ನಿಜ. 'ಲಿಬ್‌ಟಿಫ್.ಎಸ್‌ಒ.5' ಎಂಬ ಫೈಲ್ ಸಿಗುತ್ತಿಲ್ಲ ಎಂದು ಪರದೆ ಹೇಳುತ್ತಿತ್ತು. ಟಿಫ್ ಚಿತ್ರಗಳನ್ನು ಓದಲು ಲೆಪ್ಟೋನಿಕಾ ನೆಚ್ಚಿಕೊಂಡಿದ್ದ ಲೈಬ್ರರಿ ಅದು.

ಆ ಕೊನೆಯ 5ರಲ್ಲೇ ಇಡೀ ಕಥೆಯಿದೆ. ಒಂದೇ ಲೈಬ್ರರಿಯನ್ನು ಹತ್ತಾರು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವುದು ಲಿನಕ್ಸಿನ ರೂಢಿ. ಪ್ರೋಗ್ರಾಂ ಫೈಲುಗಳು ಎ.ಔಟ್ ಎಂಬ ಹಳೆಯ ರೂಪದಲ್ಲಿದ್ದ ಆರಂಭದ ಕಾಲದಲ್ಲಿ ಪ್ರತಿ ಹಂಚಿಕೆ ಲೈಬ್ರರಿಗೂ ಮೆಮೊರಿಯಲ್ಲಿ ಮೊದಲೇ ಜಾಗ ಗೊತ್ತುಮಾಡಬೇಕಿತ್ತು. 1995ರ ಹೊತ್ತಿಗೆ ಇಎಲ್‌ಎಫ್ ಎಂಬ ಹೊಸ ರೂಪ ಬಂದು ಆ ತಾಪತ್ರಯ ತಪ್ಪಿತು. ಅಲ್ಲಿಂದೀಚೆಗೆ ಪ್ರೋಗ್ರಾಂ ತನಗೆ ಬೇಕಾದ ಲೈಬ್ರರಿಯ ಹೆಸರನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಅದೇ ಸೋನೇಮ್. ಹಳೆಯ ಪ್ರೋಗ್ರಾಂಗಳಿಗೆ ಹೊಂದದಂತೆ ಲೈಬ್ರರಿ ಬದಲಾದರೆ ಸೋನೇಮಿನ ಅಂಕಿ ಮುಂದಕ್ಕೆ ಹೋಗುತ್ತದೆ. 2014ರ ನವೆಂಬರ್ 1ರಿಂದ ನಮ್ಮೂರಿನ ಇಂಗ್ಲಿಷ್ ಕಾಗುಣಿತ ಬದಲಾಯಿತಲ್ಲ, ಅದಾದ ಮೇಲೂ ಹಳೆಯ ಕಾಗುಣಿತ ಬರೆದ ಕಾಗದಗಳು ನಮ್ಮ ಮನೆಗೆ ಬರುತ್ತಲೇ ಇದ್ದವು, ಅಂಚೆಯವರಿಗೆ ಊರು ಗೊತ್ತು. ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಗಳನ್ನು ಹುಡುಕಿ ಜೋಡಿಸುವ ಲಿನಕ್ಸಿನ ಲೋಡರ್‌ಗೆ ಆ ತಿಳಿವಳಿಕೆಯಿಲ್ಲ. 5 ಬೇಕೆಂದು ಬರೆದಿದ್ದರೆ 6 ಕಣ್ಣೆದುರಿಗಿದ್ದರೂ ಅದು ಮುಟ್ಟುವುದಿಲ್ಲ. ಮುಟ್ಟಲೂಬಾರದು, ಒಳಗಿನ ರಚನೆಯೇ ಬೇರೆಯಾಗಿರುವಾಗ ಮುಟ್ಟಿದರೆ ತಪ್ಪು ಫಲಿತಾಂಶವನ್ನೇ ಸರಿಯೆಂಬಂತೆ ಕೊಟ್ಟುಬಿಡಬಹುದು.

ಇದರ ಬಿಸಿ ಮೊದಲು ದೊಡ್ಡದಾಗಿ ತಟ್ಟಿದ್ದು ಲಿಬ್‌ಸಿ 5ರಿಂದ 6ಕ್ಕೆ ದಾಟುವಾಗ. ಎಲ್ಲ ಪ್ರೋಗ್ರಾಂಗಳ ಬುಡದಲ್ಲಿರುವ ಲೈಬ್ರರಿಯೇ ಅದು. 1998ರ ಜುಲೈನಲ್ಲಿ ಬಂದ ಡೆಬಿಯನ್ 2.0 ಈ ದಾಟುವಿಕೆಗೆಂದೇ ಪ್ಯಾಕೇಜುಗಳನ್ನು (ಹಾಕಿಕೊಳ್ಳಲು ಸಿದ್ಧವಾಗಿ ಕಟ್ಟಿಟ್ಟ ಪ್ರೋಗ್ರಾಂಗಳನ್ನು) ಮತ್ತೆ ಕಟ್ಟಬೇಕಾಯಿತು. ಮರುವರ್ಷ 2.1ರ ಜೊತೆ ಆಪ್ಟ್ ಬಂತು. ಯಾವ ಪ್ಯಾಕೇಜಿಗೆ ಯಾವುದು ಬೇಕೆಂದು ನೋಡಿ, ತಾನೇ ತಂದು ಹಾಕುವ ಕೆಲಸ ಅದರದು. ಈಗ ಲೈಬ್ರರಿಯ ಅಂಕಿ ಬದಲಾದರೆ, ಅದನ್ನು ನೆಚ್ಚಿಕೊಂಡ ಪ್ಯಾಕೇಜುಗಳನ್ನೆಲ್ಲ ಡೆಬಿಯನ್‌ನವರು ತಮ್ಮ ಯಂತ್ರಗಳಲ್ಲಿ ಮತ್ತೆ ಕಟ್ಟುತ್ತಾರೆ. ಕೋಡಿನಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ. ಆವೃತ್ತಿಯ ಕೊನೆಯಲ್ಲಿ '+ಬಿ1' ಎಂದು ಕಂಡರೆ ಅದು ಹಾಗೆ ಮರುಕಟ್ಟಿದ ಗುರುತು. ನಮ್ಮ ಗಮನಕ್ಕೇ ಬಾರದೆ ನಡೆಯುವ ಈ ಚಾಕರಿಯ ಬಗ್ಗೆ ನನಗೆ ತುಂಬ ಗೌರವವಿದೆ.

ನಾವೇ ಕಟ್ಟಿದ್ದಕ್ಕೆ ಆ ಚಾಕರಿ ಮಾಡುವವರಿಲ್ಲ. ಆರ್ಚ್ ಎಂಬ ಇನ್ನೊಂದು ಬಗೆಯ ಲಿನಕ್ಸಿನಲ್ಲಿ ಬಳಕೆದಾರರೇ ನಡೆಸುವ, 2005ರಲ್ಲಿ ಶುರುವಾದ ಎಯುಆರ್ ಎಂಬ ಸಂಗ್ರಹದಲ್ಲೂ ಹಾಗೆಯೇ: ಅಲ್ಲಿ ಸಿಗುವುದು ಕಟ್ಟುವ ವಿಧಾನ ಮಾತ್ರ, ಪೈಥಾನ್ ಒಂದು ಮೆಟ್ಟಿಲು ಏರಿದಾಗ ಮರುಕಟ್ಟುವುದು ಬಳಸುವವರ ಪಾಲಿಗೆ.

ಅಂಗಡಿಯಲ್ಲಿ ಆದದ್ದು ಇಷ್ಟು. ಡೆಬಿಯನ್ 12ರಲ್ಲಿ ಲಿಬ್‌ಟಿಫ್ 5 ಹೋಗಿ 6 ಬಂದಿತ್ತು. ಅಪ್‌ಗ್ರೇಡ್ ಮುಗಿದ ಮೇಲೆ ನಾನು, ಯಾರಿಗೂ ಬೇಡವಾದ ಪ್ಯಾಕೇಜುಗಳನ್ನು ಕಿತ್ತುಹಾಕುವ 'ಆಪ್ಟ್ ಆಟೊರಿಮೂವ್' ಕೊಟ್ಟೆ. ಪ್ಯಾಕೇಜು ಮಾಡದೆ ನೇರವಾಗಿ 'ಮೇಕ್ ಇನ್‌ಸ್ಟಾಲ್' ಮಾಡಿ ಕೂರಿಸಿದ ಲೆಪ್ಟೋನಿಕಾ ಆಪ್ಟ್‌ನ ಲೆಕ್ಕದಲ್ಲೇ ಇರಲಿಲ್ಲ, ಹಾಗಾಗಿ ಹಳೆಯ ಲಿಬ್‌ಟಿಫ್ ಯಾರಿಗೂ ಬೇಡವೆಂದು ಅದು ತೆಗೆದುಹಾಕಿತು. ಡೆಬಿಯನ್ 12ರಲ್ಲಿ ಟೆಸೆರಾಕ್ಟ್ 5.3 ಸಿದ್ಧವಾಗಿಯೇ ಇತ್ತು, ಅದನ್ನು ಹಾಕಿದೆ. ಆದರೂ ಅದೇ ಎರರ್! ಟರ್ಮಿನಲ್ಲಿನಲ್ಲಿ ಟೆಸೆರಾಕ್ಟ್ ಎಂದರೆ ನಾವೇ ಕಟ್ಟಿದ್ದು ಹೋಗಿ ಕೂರುವ 'ಯುಎಸ್‌ಆರ್/ಲೋಕಲ್' ಫೋಲ್ಡರಿನಲ್ಲಿದ್ದ ನನ್ನ ಹಳೆಯದೇ ಮೊದಲು ಸಿಗುತ್ತಿತ್ತು. ಹೊಸದನ್ನು ಪೂರ್ತಿ ದಾರಿ ಕೊಟ್ಟು ಕರೆದರೂ, ಯಾವ ಲೈಬ್ರರಿ ಬಳಕೆಯಾಗುತ್ತದೆಂದು ಹೇಳುವ 'ಎಲ್‌ಡಿಡಿ' ತೋರಿಸಿದ್ದು ನನ್ನ ಹಳೆಯ ಲೆಪ್ಟೋನಿಕಾವನ್ನೇ. ಎರಡು ಲೆಪ್ಟೋನಿಕಾಗಳ ಸೋನೇಮೂ ಒಂದೇ, ಲೋಡರ್ ಮೊದಲು ನೋಡುವುದು 'ಲೋಕಲ್' ಫೋಲ್ಡರನ್ನು. ಅಲ್ಲಿಂದ ನನ್ನ ಹಳೆಯ ಟೆಸೆರಾಕ್ಟ್, ಲೆಪ್ಟೋನಿಕಾ ಎರಡನ್ನೂ ಕಿತ್ತು, ಲೋಡರ್‌ನ ಪಟ್ಟಿಯನ್ನು ಹೊಸದು ಮಾಡುವ 'ಎಲ್‌ಡಿಕಾನ್ಫಿಗ್' ಕೊಟ್ಟ ಮೇಲೆಯೇ ಕೆಲಸ ಶುರುವಾದದ್ದು.

ಎಲ್ಲ ಲೈಬ್ರರಿಗಳನ್ನೂ ಪ್ರೋಗ್ರಾಂ ಒಳಗೇ ಸೇರಿಸಿಬಿಟ್ಟರೆ ಈ ಗೋಳೇ ಇಲ್ಲ ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ, ವೆಬ್‌ಪಿ ಚಿತ್ರಗಳನ್ನು ಓದುವ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ ಗಂಭೀರ ಭದ್ರತಾ ದೋಷ ಹೊರಬಿತ್ತು. ಹಂಚಿಕೆಯ ಪ್ರತಿ ಬಳಸುತ್ತಿದ್ದ ಪ್ರೋಗ್ರಾಂಗಳಿಗೆ ಒಂದೇ ಅಪ್‌ಡೇಟ್ ಸಾಕಾಯಿತು. ಒಳಗೇ ಹುದುಗಿಸಿಕೊಂಡವುಗಳನ್ನು ಒಂದೊಂದಾಗಿ ಹುಡುಕಿ ಬದಲಿಸಬೇಕಾಯಿತು.

ಈಗ ಏನೇ ಕಟ್ಟಿದರೂ ಡೆಬಿಯನ್ನಿನದೇ ರೂಪವಾದ ಡೆಬ್ ಪ್ಯಾಕೇಜಾಗಿಯೇ ಕಟ್ಟುತ್ತೇನೆ. ಡೆಬಿಯನ್ನಿನ ಸಲಕರಣೆಗಳು ಬೇಕಾದ ಲೈಬ್ರರಿಗಳನ್ನು ತಾವೇ ಗುರುತಿಸಿ ಪ್ಯಾಕೇಜಿನಲ್ಲಿ ನಮೂದಿಸುತ್ತವೆ, ಆಮೇಲೆ ಆಪ್ಟ್ ಕೇಳದೆ ಕೀಳುವುದಿಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಲೆಪ್ಟೋನಿಕಾದ ಲೈಬ್ರರಿಯ ಹೆಸರೇ ಬದಲಾಗಿದೆ, 'ಲಿಬ್‌ಲೆಪ್ಟ್' ಹೋಗಿ 'ಲಿಬ್‌ಲೆಪ್ಟೋನಿಕಾ' ಆಗಿದೆ. ಅಂಗಡಿಯ ಕಂಪ್ಯೂಟರನ್ನು ಅದಕ್ಕೆ ಏರಿಸುವ ಮೊದಲು 'ಯುಎಸ್‌ಆರ್/ಲೋಕಲ್' ತೆರೆದು ನೋಡಿದೆ. ಅಲ್ಲಿ ಉಳಿದಿದ್ದದ್ದು ಗುಬ್ಬಿ ಎಂಬ ಕನ್ನಡ ಫಾಂಟ್ ಒಂದೇ. ಫಾಂಟಿಗೆ ಯಾವ ಸೋನೇಮಿನ ಹಂಗೂ ಇಲ್ಲ, ಅದನ್ನು ಹಾಗೇ ಬಿಟ್ಟೆ.