ಒಂದೇ ಸ್ಟೀರಾಯ್ಡ್ ಸೈಕಲ್ ತಾನೇ, ನಿಲ್ಲಿಸಿದ ಮೇಲೆ ಎಲ್ಲ ಸರಿಹೋಗುತ್ತಾ?

ಪ್ರಶ್ನೆ: ನನಗೆ 26 ವರ್ಷ. ಜಿಮ್‌ಗೆ ಹೋಗುತ್ತೇನೆ. ಸ್ಪರ್ಧೆಗಿರ್ಧೆ ಏನಿಲ್ಲ, ಬಾಡಿ ಚೆನ್ನಾಗಿ ಕಾಣಬೇಕು ಅಷ್ಟೇ. 12 ವಾರದ ಒಂದೇ ಒಂದು ಸ್ಟೀರಾಯ್ಡ್ ಸೈಕಲ್ (ಇಷ್ಟು ವಾರ ಅಂತ ತಗೊಂಡು ನಿಲ್ಲಿಸುವುದು) ಹಾಕು, ಆಮೇಲೆ ಪಿಸಿಟಿ (ದೇಹದ ಹಾರ್ಮೋನ್ ಮತ್ತೆ ಶುರುವಾಗಲಿ ಅಂತ ಸೈಕಲ್ ನಂತರ ತಗೊಳ್ಳುವ ಔಷಧಗಳು) ಮಾಡಿದರೆ ಎಲ್ಲ ಮೊದಲಿನಂತಾಗುತ್ತದೆ ಅಂತ ಟ್ರೇನರ್ ಹೇಳುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಬಹಳ ಜನರಿಗೆ ನಿಧಾನವಾಗಿ ಸರಿಹೋಗುತ್ತದೆ. ಕೆಲವರಿಗೆ ಹೋಗುವುದೇ ಇಲ್ಲ. ನೀವು ಯಾವ ಗುಂಪಿಗೆ ಸೇರಿದವರು ಅಂತ ಮೊದಲೇ ಹೇಳಬಲ್ಲ ಟೆಸ್ಟ್ ಯಾವುದೂ ಇಲ್ಲ. ಜೊತೆಗೆ, ಒಂದಕ್ಕೇ ನಿಲ್ಲಿಸುವುದು ಟ್ರೇನರ್ ಹೇಳಿದಷ್ಟು ಸುಲಭವಲ್ಲ.

ಲೆಕ್ಕ ನೋಡಿ. ಜಿಮ್‌ನ ಸ್ಟೀರಾಯ್ಡ್ ಅಂದರೆ ಗಂಡಸಿನ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್, ಇಲ್ಲವೇ ಅದರಂತೆಯೇ ತಯಾರಿಸಿದ ಔಷಧ. ಆರೋಗ್ಯವಾಗಿರುವ ಗಂಡಸಿನ ದೇಹ ದಿನಕ್ಕೆ ಸುಮಾರು 3ರಿಂದ 10 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ. ವಾರಕ್ಕೆ ಹೆಚ್ಚೆಂದರೆ 70. ‘ಬಿಗಿನರ್ ಸೈಕಲ್’ ಅನ್ನುವುದೇ ಸಾಮಾನ್ಯವಾಗಿ ವಾರಕ್ಕೆ 500 ಮಿಲಿಗ್ರಾಂ. ಡೆಕಾ, ಡಿ-ಬಾಲ್‌ನಂಥ ಬೇರೆ ಸ್ಟೀರಾಯ್ಡ್‌ಗಳು ಸೇರಿದರೆ ಇನ್ನೂ ಜಾಸ್ತಿ. ರಕ್ತದಲ್ಲಿ ಇಷ್ಟೊಂದು ಹಾರ್ಮೋನ್ ಕಂಡ ಮೆದುಳು, ವೃಷಣಗಳನ್ನು ಕೆಲಸಕ್ಕೆ ಹಚ್ಚುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಹಾರ್ಮೋನ್‌ಗಳನ್ನು ಕಳಿಸುವುದನ್ನು ನಿಲ್ಲಿಸುತ್ತದೆ. ದಿನಾ ಹೋಟೆಲಿಂದ ಊಟ ಬರುತ್ತಿದ್ದರೆ ಮನೆಯಲ್ಲಿ ಒಲೆ ಯಾರು ಹಚ್ಚುತ್ತಾರೆ, ಅಲ್ವಾ? ವೃಷಣ ಚಿಕ್ಕದಾಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ.

ಇದು ಎಷ್ಟು ಖಚಿತವೆಂದರೆ, ವಿಶ್ವ ಆರೋಗ್ಯ ಸಂಸ್ಥೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೊಟ್ಟದ್ದು ವಾರಕ್ಕೆ 200 ಮಿಲಿಗ್ರಾಂ ಮಾತ್ರ. ಅರ್ಧಕ್ಕಿಂತ ಹೆಚ್ಚು ಜನರ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಸಿಗಲಿಲ್ಲ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಅದು ಮರಳಿತು, ಅದನ್ನೂ ಹೇಳಬೇಕು. ಆದರೆ ಅಲ್ಲಿದ್ದದ್ದು ಒಂದೇ ಔಷಧ, ಅಳತೆಯ ಡೋಸ್, ಪಕ್ಕದಲ್ಲೇ ವೈದ್ಯರು. ಜಿಮ್ ಬ್ಯಾಗಿನಿಂದ ಹೊರಬರುವ ಲೇಬಲ್ ಕಿತ್ತ ವಯಲ್‌ನಲ್ಲಿ ಏನಿದೆಯೋ ಮಾರುವವನಿಗೂ ಗೊತ್ತಿರುವುದಿಲ್ಲ.

ಈಗ 13ನೇ ವಾರಕ್ಕೆ ಬನ್ನಿ. ಹೊರಗಿನ ಹಾರ್ಮೋನ್ ನಿಂತಿದೆ, ಒಳಗಿನದು ಇನ್ನೂ ಶುರುವಾಗಿಲ್ಲ. ಸುಸ್ತು, ಸೆಕ್ಸ್‌ನಲ್ಲಿ ನಿರಾಸಕ್ತಿ, ಸುಮ್ನೆ ಸಿಡಿಮಿಡಿ, ಕೆಲವರಿಗೆ ಆತ್ಮಹತ್ಯೆಯ ಯೋಚನೆ ಬರುವಷ್ಟು ಖಿನ್ನತೆ. ಕಷ್ಟಪಟ್ಟು ಬೆಳೆಸಿದ ತೋಳು ಕನ್ನಡಿಯಲ್ಲಿ ಕರಗುತ್ತಿರುತ್ತದೆ. ಇದಕ್ಕೆಲ್ಲ ತಕ್ಷಣದ ಮದ್ದು ಅಂತ ಕೈಗೆ ಸಿಗುವುದು ಇನ್ನೊಂದು ಸೈಕಲ್. ನನ್ನ ಪ್ರಕಾರ ಸ್ಟೀರಾಯ್ಡ್‌ನ ಅತಿ ದೊಡ್ಡ ಅಡ್ಡಪರಿಣಾಮ ಇದೇ. ಬಳಸುವವರಲ್ಲಿ ಸುಮಾರು ಶೇ 30ರಷ್ಟು ಜನ ಬಿಡಲಾಗದ ಸ್ಥಿತಿಗೆ ಬರುತ್ತಾರೆ ಅನ್ನುತ್ತವೆ ಅಧ್ಯಯನಗಳು.

ಬಿಟ್ಟವರ ಕಥೆಯೂ ಅಲ್ಲಿಗೇ ಮುಗಿಯುವುದಿಲ್ಲ. ಡೆನ್ಮಾರ್ಕ್‌ನ ಒಂದು ಅಧ್ಯಯನದಲ್ಲಿ, ಬಿಟ್ಟು ಸರಾಸರಿ ಎರಡು ವರ್ಷ ದಾಟಿದ್ದರೂ ನಾಲ್ವರಲ್ಲಿ ಒಬ್ಬರಿಗೆ ಟೆಸ್ಟೋಸ್ಟೆರಾನ್ ಕಡಿಮೆಯೇ ಇತ್ತು.

ಇನ್ನು ಹೃದಯ. ಒಳ್ಳೆಯ ಕೊಲೆಸ್ಟರಾಲ್ ಕುಸಿಯುತ್ತದೆ, ಕೆಟ್ಟದ್ದು ಏರುತ್ತದೆ, ಬಿಪಿ ಹೆಚ್ಚುತ್ತದೆ, ರಕ್ತ ಗಟ್ಟಿಯಾಗುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಇದ್ಯಾವುದೂ ನೋಯುವುದಿಲ್ಲ. ಅಮೆರಿಕದಲ್ಲಿ 140 ಮಂದಿ ವೇಟ್ ಲಿಫ್ಟರ್‌ಗಳ ಹೃದಯ ಪರೀಕ್ಷಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಸ್ಟೀರಾಯ್ಡ್ ಮುಟ್ಟದವರ ಹೃದಯ ಒಂದು ಬಡಿತಕ್ಕೆ ಸರಾಸರಿ ಶೇ 63ರಷ್ಟು ರಕ್ತ ಹೊರದೂಡುತ್ತಿತ್ತು, ವರ್ಷಗಟ್ಟಲೆ ಬಳಸಿದವರದ್ದು ಶೇ 52. ನಿಲ್ಲಿಸಿದವರಲ್ಲಿ ಇದು ಸ್ವಲ್ಪ ಚೇತರಿಸಿತ್ತು. ಆದರೆ ರಕ್ತನಾಳದ ಗೋಡೆಗೆ ಅಂಟಿದ ಕೊಬ್ಬಿನ ಪದರ, ಒಟ್ಟು ಎಷ್ಟು ವರ್ಷ ಬಳಸಿದ್ದರೋ ಅಷ್ಟು ಜಾಸ್ತಿ ಇತ್ತು. ಹೃದಯಕ್ಕೆ ಪಿಸಿಟಿ ಇಲ್ಲ.

‘ಇದೆಲ್ಲ ಸ್ಪರ್ಧೆಗೆ ಹೋಗುವವರಿಗೆ’ ಅಂತ ಟ್ರೇನರ್ ಹೇಳಬಹುದು. ಡೆನ್ಮಾರ್ಕ್‌ನಲ್ಲಿ ಸಾಮಾನ್ಯ ಜಿಮ್‌ಗಳಲ್ಲೂ ಡೋಪಿಂಗ್ ಪರೀಕ್ಷೆ ನಡೆಯುತ್ತದೆ. ಅಲ್ಲಿ ಸಿಕ್ಕಿಬಿದ್ದ 1,189 ಗಂಡಸರನ್ನು ಸುಮಾರು 11 ವರ್ಷ ಗಮನಿಸಿದಾಗ, ಅದೇ ವಯಸ್ಸಿನ ಬೇರೆಯವರಿಗಿಂತ ಅವರಲ್ಲಿ ಸಾವಿನ ಪ್ರಮಾಣ ಹೆಚ್ಚುಕಡಿಮೆ 2.8 ಪಟ್ಟು ಇತ್ತು. ಅವರಲ್ಲಿ ಕೆಲವರು ಬೇರೆ ಮಾದಕವಸ್ತುಗಳನ್ನೂ ಬಳಸಿರಬಹುದು, ಎಲ್ಲವನ್ನೂ ಸ್ಟೀರಾಯ್ಡ್ ತಲೆಗೆ ಕಟ್ಟಲಾಗದು. ಆದರೂ ಸಣ್ಣ ಅಂತರವಲ್ಲ ಅದು.

ಮಾತ್ರೆಗಳಾದರೆ ಲಿವರ್‌ಗೆ ಪೆಟ್ಟು. ಎದೆ ಹೆಂಗಸರಂತೆ ಊದಿಕೊಂಡರೆ ಕೊನೆಗೆ ಆಪರೇಷನ್ನೇ ಬೇಕಾಗಬಹುದು. ಹೆಂಗಸರಲ್ಲಿ ಗಡಸಾದ ಧ್ವನಿ ಮರಳುವುದು ಕಷ್ಟ. ಅಂದಹಾಗೆ, ಆಸ್ತಮಾಗೆ ವೈದ್ಯರು ಕೊಡುವ ಸ್ಟೀರಾಯ್ಡ್ ಬೇರೆಯೇ ಜಾತಿ. ಇದನ್ನು ಓದಿ ಯಾರೂ ಇನ್‌ಹೇಲರ್ ಬಿಡಬೇಡಿ.

ಈಗಾಗಲೇ ಶುರು ಮಾಡಿದ್ದರೆ ಹಾರ್ಮೋನ್ ತಜ್ಞರಿಗೆ ಏನು, ಎಷ್ಟು, ಎಷ್ಟು ದಿನ ತಗೊಂಡಿರಿ ಅಂತ ಮುಚ್ಚಿಡದೆ ಹೇಳಿ. ಬೆಳಗಿನ ಟೆಸ್ಟೋಸ್ಟೆರಾನ್, ಎಲ್‌ಎಚ್, ಎಫ್‌ಎಸ್‌ಎಚ್, ಕೊಲೆಸ್ಟರಾಲ್, ರಕ್ತದ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಲಿವರ್ ಮತ್ತು ಕಿಡ್ನಿ ಟೆಸ್ಟ್, ಬಿಪಿ, ಎಕೋ (ಹೃದಯದ ಸ್ಕ್ಯಾನ್), ಇಷ್ಟು ನೋಡಿಸಬೇಕಾಗಬಹುದು. ಮುಂದೆ ಮಕ್ಕಳು ಬೇಕು ಅಂತಿದ್ದರೆ ಮೊದಲೇ ಹೇಳಿ, ವೀರ್ಯ ಪರೀಕ್ಷೆಯನ್ನೂ ಮಾಡಿಸಿ. ಟೆಸ್ಟೋಸ್ಟೆರಾನ್ ಕಡಿಮೆ ಇದೆ ಅಂತ ಮತ್ತೆ ಟೆಸ್ಟೋಸ್ಟೆರಾನ್ನೇ ಕೊಟ್ಟರೆ ಸುಸ್ತು ಹೋಗಬಹುದು, ಆದರೆ ವೀರ್ಯಾಣು ಉತ್ಪಾದನೆ ನಿಂತೇ ಇರುತ್ತದೆ. ಅಂಥವರಿಗೆ ವೈದ್ಯರು ಬೇರೆ ಔಷಧ ಆರಿಸುತ್ತಾರೆ.