ಗೆಳೆಯರನ್ನು ವಿಮಾನದಲ್ಲಿ ಕರೆದುಕೊಂಡು ಹೋದರೆ ಖರ್ಚಿನ ದುಡ್ಡು ಇಸ್ಕೋಬಹುದಾ?

ಪ್ರಶ್ನೆ: ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಕಳೆದ ವರ್ಷ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಕೈಗೆ ಬಂತು. ಬಿಡುವಾದಾಗ ಬಾಡಿಗೆಗೆ ಸೆಸ್ನಾ ಅನ್ನುವ ಪುಟ್ಟ ವಿಮಾನ ತಗೊಂಡು ಹಾರುತ್ತೇನೆ. ಗೆಳೆಯರು, "ನಮ್ಮನ್ನೂ ಕರ್ಕೊಂಡು ಹೋಗು, ಖರ್ಚೆಲ್ಲ ನಾವೇ ಕೊಡ್ತೀವಿ" ಅಂತಾರೆ. ತಗೋಬಹುದಾ? ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ "ಭಾನುವಾರ ಎರಡು ಸೀಟು ಖಾಲಿ ಇದೆ" ಅಂತ ಹಾಕಿದರೆ ತಪ್ಪಾ?

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಬೇಕು. "ನಾವೂ ಕೊಡ್ತೀವಿ" ಅಂದರೆ ಸರಿ. "ನಾವೇ ಕೊಡ್ತೀವಿ" ಅಂದರೆ ತಪ್ಪು.

ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ. ಅದರ ನಿಯಮಾವಳಿಯಲ್ಲಿ 61.113 ಅಂತ ಒಂದು ನಿಯಮ ಇದೆ. ಪ್ರೈವೇಟ್ ಪೈಲಟ್ ದುಡ್ಡಿಗಾಗಿ ಜನರನ್ನಾಗಲಿ ಸಾಮಾನನ್ನಾಗಲಿ ಹೊತ್ತು ಹಾರುವಂತಿಲ್ಲ ಅನ್ನುವುದು ಅದರ ಮೊದಲ ಮಾತು. ಆಮೇಲೆ ಕೆಲವು ವಿನಾಯಿತಿಗಳು ಬರುತ್ತವೆ. ನಿಮಗೆ ಬೇಕಾದ್ದು 'ಸಿ' ಉಪನಿಯಮ. ಹಾರಾಟದ ಖರ್ಚನ್ನು ವಿಮಾನದಲ್ಲಿರುವವರ ತಲೆಗೆ ಇಷ್ಟು ಅಂತ ಹಂಚಿದಾಗ, ಪೈಲಟ್ ತನ್ನ ಪಾಲಿಗಿಂತ ಕಡಿಮೆ ಕೊಡಬಾರದು. ಜಾಸ್ತಿ ಕೊಟ್ಟರೆ ಅಡ್ಡಿಯಿಲ್ಲ. ಒಂದು ಡಾಲರ್ ಕಡಿಮೆಯಾದರೂ ಲೆಕ್ಕ ಕೆಟ್ಟಿತು.

ಹಂಚಬಹುದಾದ ಖರ್ಚು ನಾಲ್ಕೇ: ಇಂಧನ, ಆಯಿಲ್, ವಿಮಾನ ನಿಲ್ದಾಣದಲ್ಲಿ ಕೊಡುವ ಶುಲ್ಕ, ವಿಮಾನದ ಬಾಡಿಗೆ. ಇದರಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸುವುದಿಲ್ಲ. ನೀವು ಬಾಡಿಗೆಗೆ ತಗೊಂಡರೆ ವಿಮೆ, ರಿಪೇರಿ, ಎಂಜಿನ್ ಸವಕಳಿ ಎಲ್ಲ ಗಂಟೆಯ ಬಾಡಿಗೆಯಲ್ಲೇ ಸೇರಿರುತ್ತದೆ. ಅಷ್ಟನ್ನೂ ಹಂಚಬಹುದು. ಅದೇ ವಿಮಾನ ನಿಮ್ಮ ಸ್ವಂತದ್ದಾದರೆ ವಿಮೆಯ ಕಂತು, ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ತಪಾಸಣೆ, ಬ್ಯಾಂಕ್ ಸಾಲ ಯಾವುದನ್ನೂ ಹಂಚುವಂತಿಲ್ಲ. ಸ್ವಂತ ವಿಮಾನದವರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ನಿಯಮ ಇರುವುದು ಹಾಗೆ.

ಲೆಕ್ಕ ಹಾಕಿ ನೋಡೋಣ. ನಿಮ್ಮೂರಿನ ರೀಡ್-ಹಿಲ್‌ವ್ಯೂ ನಿಲ್ದಾಣದಿಂದ ಹಾಫ್ ಮೂನ್ ಬೇಗೆ ಹೋಗಿ ಬರುತ್ತೀರಿ ಅಂದುಕೊಳ್ಳಿ. ರನ್‌ವೇ ಪಕ್ಕದಲ್ಲೇ ಸಮುದ್ರ. ವಿಮಾನ ಕಟ್ಟಿ ಹಾಕಿ ನಡೆದುಕೊಂಡೇ ಬಂದರಿಗೆ ಹೋಗಿ ಮೀನೂಟ ಮಾಡಬಹುದು. ವಾಪಸ್ ಬಂದು ಎಂಜಿನ್ ನಿಲ್ಲಿಸಿದಾಗ, ಬಾಡಿಗೆಗೆ ಗಂಟೆ ಎಣಿಸುವ ಹಾಬ್ಸ್ ಮೀಟರ್ 1.5 ಗಂಟೆ ಕೂಡಿಸಿರುತ್ತದೆ. ಇಂಧನ ಸೇರಿ ಗಂಟೆಗೆ 200 ಡಾಲರ್ ಅಂತ ಇಟ್ಟುಕೊಂಡರೆ ಬಿಲ್ಲು 300 ಡಾಲರ್. ನೀವೂ ಸೇರಿ ಮೂವರು ಹೋಗಿದ್ದರೆ ತಲೆಗೆ 100. ನೀವು 300 ಕೊಟ್ಟು, ಅವರಿಬ್ಬರಿಂದ ನೂರು ನೂರು ಇಸ್ಕೊಂಡರೆ ಕಾನೂನು ಪ್ರಕಾರ ಸರಿ. ಅವರಿಬ್ಬರೇ ನೂರೈವತ್ತು ನೂರೈವತ್ತು ಕೊಟ್ಟರೆ ನೀವು ದುಡ್ಡಿಗೆ ಹಾರಿದ ಹಾಗಾಯಿತು. ಜೇಬಿಗೆ ಒಂದು ಪೈಸೆ ಲಾಭ ಬರದಿದ್ದರೂ ಅಷ್ಟೇ. ಪುಕ್ಕಟೆಯಾಗಿ ಹಾರಾಟದ ಗಂಟೆ ಲಾಗ್‌ಬುಕ್ಕಿಗೆ ಸೇರುವುದೂ ಪ್ರತಿಫಲವೇ ಅಂತ ಎಫ್‌ಎಎ ಹೇಳುತ್ತದೆ. ಯೋಚಿಸಿದರೆ ಅದು ನಿಜವೇ. ದುಡ್ಡಿಗೆ ಹಾರಲು ಬೇಕಾಗುವ ಕಮರ್ಷಿಯಲ್ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ 250 ಗಂಟೆ ಹಾರಾಟ ಬೇಕು. ಪ್ರತಿ ಗಂಟೆಗೂ ಜೇಬಿಂದ ದುಡ್ಡು ಸುರಿಯುವವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು.

ನಾಲ್ಕು ಸೀಟಿದೆ, ನಾಲ್ಕು ಪಾಲು ಮಾಡೋಣ ಅಂತ ಹೊರಡುವ ಮೊದಲು ತೂಕ ನೋಡಿ. ಸೆಸ್ನಾ 172 ಎಸ್ ಮಾದರಿ ಜನ, ಚೀಲ, ಇಂಧನ ಎಲ್ಲ ಸೇರಿ ಹೊರುವುದು ಸುಮಾರು 870–900 ಪೌಂಡ್. ಪೂರ್ತಿ ಟ್ಯಾಂಕಿನ 53 ಗ್ಯಾಲನ್ ಇಂಧನವೇ 318 ಪೌಂಡ್. ದೊಡ್ಡವರು ನಾಲ್ವರು ಕೂತರೆ ಮಿತಿ ಮೀರುತ್ತದೆ. ಟ್ಯಾಂಕ್ ಅರ್ಧ ಇಟ್ಟುಕೊಂಡರೂ ಒಬ್ಬೊಬ್ಬರ ತೂಕ ಕೇಳಿ ಕೂಡಿಸಲೇಬೇಕು. ಖರ್ಚು ಕಡಿಮೆಯಾಗಲಿ ಅಂತ ಇನ್ನೊಬ್ಬರನ್ನು ತುಂಬಿಕೊಳ್ಳುವ ಆಸೆ ಬರುತ್ತದೆ. ದಯವಿಟ್ಟು ಬೇಡ.

ದುಡ್ಡಿನ ಲೆಕ್ಕ ಸುಲಭ. ಜನ ಎಡವುವುದು ಎರಡನೇ ಷರತ್ತಿನಲ್ಲಿ. ಖರ್ಚು ಹಂಚಿಕೊಳ್ಳಬೇಕಾದರೆ ಪೈಲಟ್‌ಗೂ ಜೊತೆಯವರಿಗೂ ಒಂದೇ ಉದ್ದೇಶ ಇರಬೇಕು. ಆ ಜಾಗಕ್ಕೆ ಹೋಗಲು ನಿಮಗೂ ನಿಮ್ಮದೇ ಕಾರಣ ಬೇಕು. ಇದನ್ನು ಪರೀಕ್ಷಿಸಲು ನಾನು ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇವರು ಕೊನೇ ಗಳಿಗೆಯಲ್ಲಿ ಬರಲ್ಲ ಅಂದರೂ ನಾನು ಹೋಗ್ತೀನಾ?

ಒಂದು ಸಲ ಪರಿಚಯದವರೊಬ್ಬರು ಫೋನ್ ಮಾಡಿ, "ಮಗಳನ್ನು ಸ್ಯಾಕ್ರಮೆಂಟೊಗೆ ಬಿಟ್ಟು ಬರ್ತೀರಾ, ಹೈವೇ ತುಂಬಾ ಟ್ರಾಫಿಕ್, ಬಾಡಿಗೆಯಲ್ಲಿ ನಮ್ಮ ಪಾಲು ಕೊಡ್ತೀವಿ" ಅಂದರು. ಒಳ್ಳೆಯ ಜನ, ಸಲಿಗೆಯಿಂದಲೇ ಕೇಳಿದ್ದು. ಆದರೆ ಸ್ಯಾಕ್ರಮೆಂಟೊದಲ್ಲಿ ಆ ದಿನ ನನಗೇನೂ ಕೆಲಸ ಇರಲಿಲ್ಲ. ಪಾಲು ಎಷ್ಟೇ ಸರಿಯಾಗಿ ಹಂಚಿದರೂ ಅದು ಟ್ಯಾಕ್ಸಿ ಕೆಲಸವೇ. ದುಡ್ಡು ತಗೊಂಡು ಬರಲ್ಲ ಅಂತ ಹೇಳಿದೆ. ಅವರಿಗೆ ಬೇಜಾರಾಯಿತು, ನನಗೂ ಕಸಿವಿಸಿಯಾಯಿತು. ಈಗಲೂ ಅದೇ ಉತ್ತರ ಕೊಡುತ್ತೇನೆ.

ಯಾಕಿಷ್ಟು ಬಿಗಿ ಅಂತ ಕೇಳಬಹುದು. ಟಿಕೆಟ್ ಕೊಂಡು ವಿಮಾನ ಹತ್ತಿದವರಿಗೆ ಒಂದು ರಕ್ಷಣೆ ಇರುತ್ತದೆ. ಪೈಲಟ್‌ಗೆ ಹೆಚ್ಚಿನ ತರಬೇತಿ, ಕಂಪನಿಗೆ ಪರವಾನಗಿ, ವಿಮಾನಕ್ಕೆ ಬಿಗಿಯಾದ ತಪಾಸಣೆ. ಪ್ರೈವೇಟ್ ಸರ್ಟಿಫಿಕೇಟ್ 40 ಗಂಟೆ ಹಾರಾಟಕ್ಕೇ ಸಿಗಬಹುದು. ನಿಮ್ಮ ಗೆಳೆಯರಿಗೆ ನಿಮ್ಮ ಅನುಭವ ಎಷ್ಟು ಅಂತ ಗೊತ್ತು, ಗೊತ್ತಿದ್ದೇ ಬರುತ್ತಾರೆ. ಗುರುತಿಲ್ಲದವರಿಗೆ ಅದು ಗೊತ್ತಿರುವುದಿಲ್ಲ, ಸೀಟು ಅಗ್ಗ ಅಂತಷ್ಟೇ ಗೊತ್ತು.

ವಾಟ್ಸಾಪ್ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ಫ್ಲೈಟ್‌ನೌ ಅಂತ ಒಂದು ಜಾಲತಾಣ ಇತ್ತು. ಪೈಲಟ್‌ಗಳು ತಾವು ಹೋಗುವ ಊರು, ದಿನ ಹಾಕುತ್ತಿದ್ದರು. ಆಸಕ್ತಿ ಇದ್ದವರು ಸೇರಿಕೊಂಡು ಖರ್ಚು ಹಂಚಿಕೊಳ್ಳುತ್ತಿದ್ದರು. ಸಾರ್ವಜನಿಕರಿಗೆ ಹೀಗೆ ಸೀಟು ತೋರಿಸುವುದೇ ವಿಮಾನ ಸಾರಿಗೆ ವ್ಯಾಪಾರದ ಲಕ್ಷಣ ಅಂತ 2014ರಲ್ಲಿ ಎಫ್‌ಎಎ ಹೇಳಿತು. ಜಗಳ ಕೋರ್ಟಿಗೆ ಹೋಯಿತು. 2015ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಎಫ್‌ಎಎ ಪರ ತೀರ್ಪು ಕೊಟ್ಟಿತು. ಫ್ಲೈಟ್‌ನೌ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು, 2017ರಲ್ಲಿ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಯುರೋಪಿನಲ್ಲಿ ಇದೇ ಬಗೆಯ ತಾಣ ವಿಂಗ್ಲಿ ರಾಜಾರೋಷವಾಗಿ ನಡೆಯುತ್ತಿದೆ. ಅಲ್ಲಿನ ನಿಯಮ ಬೇರೆ, ಅದನ್ನು ನೋಡಿ ಇಲ್ಲಿ ಹೊರಡಬೇಡಿ.

2020ರಲ್ಲಿ ಎಫ್‌ಎಎ ಈ ವಿಷಯಕ್ಕೆಂದೇ ಒಂದು ಸಲಹಾ ಪತ್ರ ಹೊರಡಿಸಿತು. ನಿಮಗೆ ಗುರುತಿರುವ ಸ್ನೇಹಿತರಿಗೆ, ಸಹೋದ್ಯೋಗಿಗಳಿಗೆ ಹೇಳುವುದಕ್ಕೂ ಗುರುತಿಲ್ಲದ ನೂರಾರು ಜನರ ಮುಂದೆ ಸಾರುವುದಕ್ಕೂ ಇರುವ ಅಂತರವನ್ನು ಅದು ಹಿಡಿಯುತ್ತದೆ. ಹಾಗಾಗಿ ಐದಾರು ಗೆಳೆಯರ ಗುಂಪಿನಲ್ಲಿ, "ಭಾನುವಾರ ಹಾಫ್ ಮೂನ್ ಬೇಗೆ ಊಟಕ್ಕೆ ಹೋಗ್ತಿದೀನಿ, ಯಾರಾದ್ರೂ ಬರ್ತೀರಾ?" ಅಂತ ಕೇಳಿ. ಇಡೀ ಕನ್ನಡ ಕೂಟದ ಗುಂಪಿಗೆ ಹಾಕಬೇಡಿ. ಯುಗಾದಿ ಊಟದ ಸಾಲಿನಲ್ಲಿ ಒಮ್ಮೆ ನೋಡಿದ ಮುಖ ಸ್ನೇಹಿತರ ಲೆಕ್ಕಕ್ಕೆ ಬರುವುದಿಲ್ಲ, ಅಲ್ವಾ?

ತಪ್ಪಿದರೆ ಸರ್ಟಿಫಿಕೇಟ್ ಅಮಾನತಾಗಬಹುದು, ರದ್ದೂ ಆಗಬಹುದು, ದಂಡವೂ ಬೀಳಬಹುದು. ನನಗೆ ಅದಕ್ಕಿಂತ ಹೆದರಿಕೆ ವಿಮೆಯದ್ದು. ದುಡ್ಡಿಗೆ ಹಾರಿದ್ದು ಅಂತಾದರೆ ವಿಮಾ ಕಂಪನಿ ಕೈ ಎತ್ತಬಹುದು. ಅಪಘಾತವಾಗಿ ಗೆಳೆಯನಿಗೆ ಏಟು ಬಿದ್ದ ದಿನ ಅವನ ಮನೆಯವರಿಗೆ ಏನಂತ ಹೇಳುವುದು?

ರಜೆಯಲ್ಲಿ ಊರಿಗೆ ಬಂದು ಜಕ್ಕೂರಿನಿಂದ ಹಾರುವ ಆಸೆ ಇದ್ದರೆ ಈ ಯಾವ ಲೆಕ್ಕವನ್ನೂ ಜೊತೆಗೆ ತರಬೇಡಿ. ಭಾರತದಲ್ಲಿ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮ ನಡೆಯುತ್ತದೆ. ಖಾಸಗಿ ಪೈಲಟ್ ಲೈಸೆನ್ಸ್ ಇರುವವರು ಸಂಭಾವನೆಗೆ ಹಾರುವಂತಿಲ್ಲ ಅನ್ನುವುದು ಅಲ್ಲೂ ಇದೆ.

ಈ ಭಾನುವಾರಕ್ಕೆ ಒಂದು ಸಲಹೆ. ಬಾಡಿಗೆಯ ರಸೀದಿಯ ಫೋಟೋ ತೆಗೆದು ಗೆಳೆಯರಿಗೆ ಕಳಿಸಿ, ತಲೆಗೆಷ್ಟು ಅಂತ ಅದರ ಕೆಳಗೇ ಬರೆಯಿರಿ. ನಿಮ್ಮ ಪಾಲು ನೀವೇ ಕೊಟ್ಟಿದ್ದಕ್ಕೆ ಅದೇ ಸಾಕ್ಷಿ. ಸಮುದ್ರದ ಫೋಟೋಗಳನ್ನು ಕೂಟದ ಗುಂಪಿಗೆ ಧಾರಾಳವಾಗಿ ಹಾಕಿ. ಅದರ ಕೆಳಗೆ ಯಾರಾದರೂ "ನಮ್ಮನ್ನು ಕರ್ಕೊಂಡು ಹೋಗೋಕೆ ಎಷ್ಟು ತಗೋತೀರಾ?" ಅಂತ ಕೇಳಿದರೆ ಮಾತ್ರ ದರ ಹೇಳಬೇಡಿ. ಹತ್ತಿರದ ಫ್ಲೈಯಿಂಗ್ ಸ್ಕೂಲಿನ ದಾರಿ ತೋರಿಸಿ.