ಫ್ರಾಂಕ್‌ಫರ್ಟಿನಲ್ಲಿ ಬ್ಯಾಗು ಎತ್ತಿಕೊಳ್ಳಬೇಕೆ? ವಿಮಾನ ಬದಲಿಸುವವರ ಲಗೇಜು, ವೀಸಾ ಮತ್ತು ಇಮಿಗ್ರೇಷನ್

ಓದುಗರ ಪ್ರಶ್ನೆ: ನನ್ನ ತಂದೆ ತಾಯಿ ಮೊದಲ ಬಾರಿಗೆ ಅಮೆರಿಕಕ್ಕೆ ಬರುತ್ತಿದ್ದಾರೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ, ಅಲ್ಲಿಂದ ಚಿಕಾಗೊಗೆ, ಚಿಕಾಗೊದಿಂದ ಕೊಲಂಬಸ್‌ಗೆ ಒಂದೇ ಟಿಕೆಟ್ ಮಾಡಿಸಿದ್ದೇವೆ. ಇಬ್ಬರಿಗೂ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಅವರು ಲಗೇಜನ್ನು ಎಲ್ಲೆಲ್ಲಿ ತೆಗೆದುಕೊಳ್ಳಬೇಕು? ಇಮಿಗ್ರೇಷನ್ ಎಲ್ಲಿ ನಡೆಯುತ್ತದೆ? ಜರ್ಮನಿಯ ವೀಸಾ ಬೇಕಾಗುತ್ತದೆಯೆ?

ಉತ್ತರ: ಫ್ರಾಂಕ್‌ಫರ್ಟಿನಲ್ಲಿ ಅವರು ದೊಡ್ಡ ಬ್ಯಾಗುಗಳನ್ನು ಮುಟ್ಟಬೇಕಾಗಿಲ್ಲ, ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ಕೈಯಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇರುವುದರಿಂದ ಜರ್ಮನಿಯ ವೀಸಾ ಕೂಡ ಬೇಕಿಲ್ಲ. ಚಿಕಾಗೊದಲ್ಲಿ ಮಾತ್ರ ಎಲ್ಲವೂ ಒಟ್ಟಿಗೆ ಎದುರಾಗುತ್ತದೆ: ಮೊದಲು ಇಮಿಗ್ರೇಷನ್, ಆಮೇಲೆ ಲಗೇಜು ತೆಗೆದುಕೊಳ್ಳುವುದು, ಆಮೇಲೆ ಕಸ್ಟಮ್ಸ್, ಕೊನೆಗೆ ಅದೇ ಲಗೇಜನ್ನು ಮತ್ತೆ ಒಪ್ಪಿಸಿ ಇನ್ನೊಮ್ಮೆ ಭದ್ರತಾ ತಪಾಸಣೆ. ಕೊಲಂಬಸ್‌ನಲ್ಲಿ ಇಳಿದ ಮೇಲೆ ಬೆಲ್ಟಿನಿಂದ ಬ್ಯಾಗು ಎತ್ತಿಕೊಂಡು ಹೊರಗೆ ಬಂದರೆ ಆಯಿತು.

ಈ ವ್ಯತ್ಯಾಸಕ್ಕೆ ಕಾರಣ ತಿಳಿದುಕೊಂಡರೆ ಮಾರ್ಗ ಯಾವುದೇ ಆದರೂ ಉತ್ತರವನ್ನು ನೀವೇ ಕಂಡುಕೊಳ್ಳಬಹುದು. ಫ್ರಾಂಕ್‌ಫರ್ಟ್, ದುಬೈ, ದೋಹಾ, ಸಿಂಗಪುರದಂತಹ ನಿಲ್ದಾಣಗಳಲ್ಲಿ ಒಂದು ಅಂತರರಾಷ್ಟ್ರೀಯ ವಿಮಾನದಿಂದ ಇಳಿದವರು ಆ ದೇಶದೊಳಗೆ ಕಾಲಿಡದೆಯೇ ಇನ್ನೊಂದನ್ನು ಹತ್ತಲು ಅನುಕೂಲವಾಗುವಂತೆ ಪ್ರತ್ಯೇಕ ಟ್ರಾನ್ಸಿಟ್ ಪ್ರದೇಶವಿರುತ್ತದೆ. ಅಮೆರಿಕದ ನಿಲ್ದಾಣಗಳಲ್ಲಿ ಅಂತಹ ಪ್ರದೇಶವೇ ಇಲ್ಲ. ಅಲ್ಲಿ ಹೊರದೇಶದಿಂದ ಬಂದಿಳಿದ ಪ್ರತಿಯೊಬ್ಬರೂ, ಎರಡು ಗಂಟೆಯಲ್ಲಿ ಮೆಕ್ಸಿಕೊಗೆ ಹೊರಡುವವರೂ ಸೇರಿ, ಕಾನೂನಿನ ಪ್ರಕಾರ ದೇಶವನ್ನು ಪ್ರವೇಶಿಸಲೇಬೇಕು. ಅದಕ್ಕೇ ಹಾದುಹೋಗುವ ಭಾರತೀಯರಿಗೂ ಅಮೆರಿಕದ ವೀಸಾ ಬೇಕು. ಪ್ರಯಾಣಿಕರು ಎಲ್ಲಿ ದೇಶ ಪ್ರವೇಶಿಸುತ್ತಾರೋ ಅವರ ಲಗೇಜು ಕೂಡ ಸಾಮಾನ್ಯವಾಗಿ ಅಲ್ಲಿಯೇ, ಅವರ ಜೊತೆಯಲ್ಲಿಯೇ, ಕಸ್ಟಮ್ಸ್ ದಾಟಬೇಕು. ಆದ್ದರಿಂದ ಟಿಕೆಟ್ಟಿನಲ್ಲಿ ಎಷ್ಟು ನಿಲ್ದಾಣಗಳಿವೆ ಎಂದು ಎಣಿಸುವುದರ ಬದಲು, ತಲುಪಬೇಕಾದ ದೇಶದಲ್ಲಿ ಮೊದಲು ಕಾಲಿಡುವ ನಿಲ್ದಾಣ ಯಾವುದು ಎಂದು ಗುರುತಿಸಿಕೊಳ್ಳಿ. ನಿಮ್ಮ ತಂದೆ ತಾಯಿಯ ಮಟ್ಟಿಗೆ ಅದು ಚಿಕಾಗೊ.

ಇನ್ನು ಬೆಂಗಳೂರಿನಿಂದಲೇ ಆರಂಭಿಸೋಣ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿವೆ. ಮಂಗಳೂರು ಅಥವಾ ಹುಬ್ಬಳ್ಳಿಯಿಂದ ಬೇರೆ ಟಿಕೆಟ್ಟಿನಲ್ಲಿ ಬಂದು ಒಂದನೇ ಟರ್ಮಿನಲ್‌ನಲ್ಲಿ ಇಳಿಯುವವರು ಲಗೇಜು ತೆಗೆದುಕೊಂಡು ಹೊರಗೆ ಬಂದು, ಶಟಲ್ ಬಸ್ಸಿನಲ್ಲಿ ಎರಡನೇ ಟರ್ಮಿನಲ್‌ಗೆ ಹೋಗಿ ಹೊಸದಾಗಿ ಚೆಕ್-ಇನ್ ಮಾಡಬೇಕಾಗುವುದರಿಂದ ಅದಕ್ಕೆ ಸಾಕಷ್ಟು ಸಮಯ ಇಟ್ಟುಕೊಳ್ಳುವುದು ಅಗತ್ಯ. ಚೆಕ್-ಇನ್ ಕೌಂಟರಿನಲ್ಲಿ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳದೆ ಅಲ್ಲಿಂದ ಕದಲಬಾರದು. ಕೊಲಂಬಸ್‌ವರೆಗಿನ ಮೂರೂ ಬೋರ್ಡಿಂಗ್ ಪಾಸುಗಳು ಕೈಗೆ ಬಂದಿವೆಯೆ ಎಂಬುದು ಒಂದು. ಬ್ಯಾಗಿಗೆ ಅಂಟಿಸಿದ ಟ್ಯಾಗಿನ ಮೇಲೆ ಕೊನೆಯ ನಿಲ್ದಾಣವಾಗಿ ಕೊಲಂಬಸ್‌ನ ಸಂಕೇತವಾದ ಸಿ.ಎಂ.ಎಚ್. ಎಂಬ ಮೂರಕ್ಷರಗಳು ಅಚ್ಚಾಗಿವೆಯೆ ಎಂಬುದು ಇನ್ನೊಂದು. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿಕೊಡುವ ಸಣ್ಣ ಚೀಟಿಯಲ್ಲಿ ಹತ್ತಂಕಿಯ ಟ್ಯಾಗ್ ಸಂಖ್ಯೆ ಇರುತ್ತದೆ. ಬ್ಯಾಗು ದಾರಿ ತಪ್ಪಿದರೆ ಅದನ್ನು ಹುಡುಕುವುದು ಆ ಸಂಖ್ಯೆಯಿಂದಲೇ ಆದ್ದರಿಂದ ಕೌಂಟರಿನಲ್ಲಿಯೇ ಅದರ ಫೋಟೊ ತೆಗೆದು ನಿಮಗೆ ವಾಟ್ಸಾಪ್ ಮಾಡುವಂತೆ ಹೇಳಿ. ಭಾರತೀಯರು ಹಿಂದೆ ತುಂಬಬೇಕಾಗಿದ್ದ ನಿರ್ಗಮನ ಚೀಟಿಯನ್ನು 2017ರ ಜುಲೈಯಲ್ಲಿಯೇ ಕೈಬಿಟ್ಟಿರುವುದರಿಂದ ಇಮಿಗ್ರೇಷನ್ ಕೌಂಟರಿನಲ್ಲಿ ಪಾಸ್‌ಪೋರ್ಟ್, ವೀಸಾ, ಬೋರ್ಡಿಂಗ್ ಪಾಸು ತೋರಿಸಿದರೆ ಸಾಕಾಗುತ್ತದೆ.

ಫ್ರಾಂಕ್‌ಫರ್ಟಿನಲ್ಲಿ ವಿಮಾನದಿಂದ ಇಳಿದವರು ಟ್ರಾನ್ಸ್‌ಫರ್ ಫಲಕಗಳನ್ನು ಅನುಸರಿಸಬೇಕು. ಬ್ಯಾಗೇಜ್ ಕ್ಲೇಮ್ ಅಥವಾ ನಿರ್ಗಮನದ ಕಡೆಗೆ ತಿರುಗಬಾರದು. ಭಾರತದಿಂದ ಬಂದವರಿಗೆ ಅಲ್ಲಿ ಕೈಚೀಲದ ತಪಾಸಣೆ ಮತ್ತೊಮ್ಮೆ ನಡೆಯುತ್ತದೆ. ಬೆಂಗಳೂರಿನಲ್ಲಿ ತುಂಬಿಸಿಕೊಂಡ ನೀರಿನ ಬಾಟಲಿಯನ್ನು ಅದಕ್ಕೆ ಮೊದಲೇ ಖಾಲಿ ಮಾಡಿಕೊಳ್ಳುವುದು ಒಳ್ಳೆಯದು. ಅಮೆರಿಕದ ವಿಮಾನಗಳ ಗೇಟಿನ ಬಳಿ ಪಾಸ್‌ಪೋರ್ಟ್ ಮತ್ತು ವೀಸಾವನ್ನು ಇನ್ನೊಮ್ಮೆ ನೋಡಿ, ಕೆಲವರಿಗೆ ಒಂದೆರಡು ಪ್ರಶ್ನೆ ಕೇಳುವುದುಂಟು. ಇದು ವಾಡಿಕೆಯ ಪರಿಶೀಲನೆ ಎಂದು ಮೊದಲೇ ತಿಳಿಸಿದ್ದರೆ ಹಿರಿಯರು ಗಾಬರಿಯಾಗುವುದಿಲ್ಲ.

ಟ್ರಾನ್ಸಿಟ್ ವೀಸಾದ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಅಮೆರಿಕ, ಕೆನಡಾ ಅಥವಾ ಜಪಾನಿನ ಚಾಲ್ತಿ ವೀಸಾ ಇರುವವರಿಗೆ ಷೆಂಗೆನ್ ದೇಶಗಳ (ಒಂದೇ ವೀಸಾ ವ್ಯವಸ್ಥೆಯಡಿ ಬರುವ ಜರ್ಮನಿ, ನೆದರ್‌ಲ್ಯಾಂಡ್ಸ್ ಮುಂತಾದ ಯುರೋಪಿನ ದೇಶಗಳ) ವಿಮಾನ ನಿಲ್ದಾಣ ಟ್ರಾನ್ಸಿಟ್ ವೀಸಾದಿಂದ ವಿನಾಯಿತಿ ಇದೆಯಾದರೂ, ಆ ವಿನಾಯಿತಿ ಟ್ರಾನ್ಸಿಟ್ ಪ್ರದೇಶದೊಳಗೆ ಇರುವವರೆಗೆ ಮಾತ್ರ. ಟಿಕೆಟ್ ಅಗ್ಗವಾಗಿದೆಯೆಂದು ಬೆಂಗಳೂರು, ಫ್ರಾಂಕ್‌ಫರ್ಟ್, ಮ್ಯೂನಿಕ್, ಚಿಕಾಗೊ ಎಂಬ ಮಾರ್ಗವನ್ನು ಆರಿಸಿಕೊಂಡರೆ, ಫ್ರಾಂಕ್‌ಫರ್ಟಿನಿಂದ ಮ್ಯೂನಿಕ್‌ಗೆ ಹೋಗುವ ವಿಮಾನ ದೇಶೀಯ ವಿಮಾನವಾಗುತ್ತದೆ, ಅದನ್ನು ಹತ್ತಲು ಜರ್ಮನಿಯನ್ನು ಪ್ರವೇಶಿಸಬೇಕಾಗುತ್ತದೆ, ಹಾಗೆ ಪ್ರವೇಶಿಸಲು ಪೂರ್ಣ ಷೆಂಗೆನ್ ವೀಸಾ ಬೇಕಾಗುತ್ತದೆ. ಫ್ರಾಂಕ್‌ಫರ್ಟಿನಿಂದ ಆಮ್‌ಸ್ಟರ್‌ಡಾಮಿಗೆ ಹೋಗಿ ಅಲ್ಲಿಂದ ಹೊರಡುವವರಿಗೂ ಇದೇ ನಿಯಮ, ಏಕೆಂದರೆ ಷೆಂಗೆನ್ ದೇಶಗಳ ನಡುವಿನ ಪ್ರಯಾಣವನ್ನು ಒಂದೇ ದೇಶದೊಳಗಿನ ಪ್ರಯಾಣದಂತೆ ಪರಿಗಣಿಸಲಾಗುತ್ತದೆ. ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿಯೇ ತಡೆಯಲ್ಪಟ್ಟು ಪ್ರಯಾಣ ತಪ್ಪಿಸಿಕೊಳ್ಳುವಂತೆ ಮಾಡುವ ನಿಯಮ ಇದು. ಲಂಡನ್ ಮೂಲಕ ಹೋಗುವ ಭಾರತೀಯರಿಗೆ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ನಿಯಮ ಬೇರೆಯೇ ಇದ್ದು, ಅಲ್ಲಿಯೂ ಅಮೆರಿಕದ ಚಾಲ್ತಿ ವೀಸಾ ಮತ್ತು ಮುಂದಿನ ಪ್ರಯಾಣದ ಖಚಿತ ಟಿಕೆಟ್ ಇರುವವರಿಗೆ ವಿನಾಯಿತಿ ಸಿಗುತ್ತದೆ. ಈ ನಿಯಮಗಳು ಆಗಾಗ ಬದಲಾಗುತ್ತಿರುತ್ತವೆ. ಟಿಕೆಟ್ ಕೊಳ್ಳುವ ಮೊದಲು ಆಯಾ ದೇಶದ ಅಧಿಕೃತ ಜಾಲತಾಣವನ್ನೇ ನೋಡಬೇಕು, ಟ್ರಾವೆಲ್ ಏಜೆಂಟರ ಮಾತನ್ನು ಮಾತ್ರ ನೆಚ್ಚಿಕೊಳ್ಳಬಾರದು.

ಚಿಕಾಗೊದ ಓಹೇರ್ ನಿಲ್ದಾಣಕ್ಕೆ ಬರೋಣ, ಏಕೆಂದರೆ ನಿಮ್ಮ ತಂದೆ ತಾಯಿಗೆ ನಿಜವಾದ ಕಷ್ಟ ಇರುವುದು ಅಲ್ಲಿ. ಫ್ರಾಂಕ್‌ಫರ್ಟಿನಿಂದ ಬರುವ ವಿಮಾನಗಳ ಪ್ರಯಾಣಿಕರು ಐದನೇ ಟರ್ಮಿನಲ್‌ನಲ್ಲಿ ಇಳಿಯುತ್ತಾರೆ. ಇಮಿಗ್ರೇಷನ್ ಅಧಿಕಾರಿ ಬೆರಳಚ್ಚು ಮತ್ತು ಭಾವಚಿತ್ರ ತೆಗೆದುಕೊಂಡು, ಯಾರನ್ನು ನೋಡಲು ಬಂದಿದ್ದೀರಿ, ಎಷ್ಟು ದಿನ ಇರುತ್ತೀರಿ, ಮಗ ಅಥವಾ ಮಗಳು ಏನು ಕೆಲಸ ಮಾಡುತ್ತಾರೆ, ಎಲ್ಲಿ ಉಳಿಯುತ್ತೀರಿ ಎಂದು ಕೇಳುತ್ತಾರೆ. ನಿಮ್ಮ ವಿಳಾಸ, ಫೋನ್ ಸಂಖ್ಯೆ ಮತ್ತು ಹಿಂತಿರುಗುವ ಟಿಕೆಟ್ಟಿನ ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಕೈಚೀಲದಲ್ಲಿ ಇರಿಸಿಕೊಡಿ. ಫೋನಿನಲ್ಲಿ ಮಾತ್ರ ಇದ್ದರೆ, ಚಾರ್ಜ್ ಇಲ್ಲದ ಹೊತ್ತಿನಲ್ಲಿ ಅದು ಪ್ರಯೋಜನಕ್ಕೆ ಬರುವುದಿಲ್ಲ. ಇಂಗ್ಲಿಷ್ ಅರ್ಥವಾಗದಿದ್ದರೆ ತಲೆಯಾಡಿಸಿ ಹೌದು ಎನ್ನುವ ಬದಲು ತಮ್ಮ ಭಾಷೆ ಕನ್ನಡ ಎಂದು ಸ್ಪಷ್ಟವಾಗಿ ಹೇಳುವುದು ಎಷ್ಟೋ ಮೇಲು. ದೂರವಾಣಿಯ ಮೂಲಕ ದುಭಾಷಿಯ ನೆರವು ಪಡೆಯುವ ವ್ಯವಸ್ಥೆ ಅಧಿಕಾರಿಗಳಿಗೆ ಇದೆ, ಮತ್ತು ಅರ್ಥವಾಗದ ಪ್ರಶ್ನೆಗೆ ಕೊಟ್ಟ ಉತ್ತರವೇ ಹಲವು ಬಾರಿ ಎರಡನೇ ಸುತ್ತಿನ ವಿಚಾರಣೆಗೆ ದಾರಿಮಾಡುತ್ತದೆ. ಪ್ರವಾಸಿ ವೀಸಾದವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅನುಮತಿ ಸಿಗುತ್ತದೆ. ಮನೆ ತಲುಪಿದ ಮೇಲೆ ಐ-94 ಎಂಬ ಆನ್‌ಲೈನ್ ದಾಖಲೆಯಲ್ಲಿ ಹೊರಡಬೇಕಾದ ಕೊನೆಯ ದಿನಾಂಕವನ್ನು ನೀವೇ ಪರಿಶೀಲಿಸಿ. ವೀಸಾದ ಮೇಲಿರುವ ಮುಕ್ತಾಯ ದಿನಾಂಕವೇ ಉಳಿಯಲು ಇರುವ ಗಡುವು ಎಂದು ತಿಳಿಯುವುದು ಅಪಾಯಕಾರಿ.

ಇಮಿಗ್ರೇಷನ್ ಮುಗಿದೊಡನೆ ಬೆಲ್ಟಿನ ಬಳಿ ನಿಂತು ಎಲ್ಲ ಬ್ಯಾಗುಗಳನ್ನೂ ತೆಗೆದುಕೊಳ್ಳಬೇಕು. ಬೆಂಗಳೂರಿನಲ್ಲಿ ‘ಲಗೇಜು ನೇರವಾಗಿ ಕೊಲಂಬಸ್‌ಗೆ ಬರುತ್ತದೆ’ ಎಂದು ಹೇಳಿರುತ್ತಾರೆ. ಟ್ಯಾಗಿನ ಮಟ್ಟಿಗೆ ಅದು ನಿಜವೇ ಆದರೂ, ಆ ಮಾತನ್ನು ನಂಬಿ ಬ್ಯಾಗು ಎತ್ತಿಕೊಳ್ಳದೆ ಮುಂದೆ ಹೋದರೆ ಅದು ಚಿಕಾಗೊದಲ್ಲಿಯೇ ಉಳಿಯುತ್ತದೆ. ಬ್ಯಾಗಿನೊಂದಿಗೆ ಕಸ್ಟಮ್ಸ್ ದಾಟಿ ಹೊರಬಂದ ಕೂಡಲೇ ಮುಂದಿನ ವಿಮಾನದ ಲಗೇಜನ್ನು ಮತ್ತೆ ಒಪ್ಪಿಸುವ ಜಾಗ ಸಿಗುತ್ತದೆ. ಟ್ಯಾಗ್ ಈಗಾಗಲೇ ಕೊಲಂಬಸ್‌ವರೆಗೆ ಇರುವುದರಿಂದ ಅಲ್ಲಿನ ಸಿಬ್ಬಂದಿಗೆ ತೋರಿಸಿ ಬ್ಯಾಗನ್ನು ಬಿಟ್ಟರೆ ಸಾಕು. ತೂಕವಾಗಲಿ ಹೊಸ ಹಣವಾಗಲಿ ಇಲ್ಲ. ಫ್ರಾಂಕ್‌ಫರ್ಟಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಸುಗಂಧ ದ್ರವ್ಯದ ದೊಡ್ಡ ಬಾಟಲಿ ಕೈಚೀಲದಲ್ಲಿದ್ದರೆ, ಬ್ಯಾಗು ಒಪ್ಪಿಸುವ ಮೊದಲೇ ಅದನ್ನು ದೊಡ್ಡ ಬ್ಯಾಗಿನೊಳಗೆ ಸೇರಿಸುವುದು ಸುರಕ್ಷಿತ, ಏಕೆಂದರೆ ಮುಂದೆ ಇನ್ನೊಂದು ಭದ್ರತಾ ತಪಾಸಣೆ ಇದೆ, ಅಲ್ಲಿ ಕೈಚೀಲದ ದ್ರವಗಳಿಗೆ ನೂರು ಮಿಲಿಲೀಟರಿನ ಮಿತಿ ಇದೆ. ಅಲ್ಲಿಂದ ನಿಲ್ದಾಣದ ಒಳಗಿನ ರೈಲಿನಲ್ಲಿ ದೇಶೀಯ ಟರ್ಮಿನಲ್‌ಗೆ ಹೋಗಬೇಕು. ಯುನೈಟೆಡ್ ವಿಮಾನಗಳಾದರೆ ಹೆಚ್ಚಾಗಿ ಒಂದನೇ ಟರ್ಮಿನಲ್; ಆದರೂ ಗೇಟನ್ನು ಅಲ್ಲಿನ ಪರದೆಯ ಮೇಲೆ ನೋಡಿಯೇ ಹೊರಡಬೇಕು.

ಕಸ್ಟಮ್ಸ್ ಬಗ್ಗೆ ಒಂದು ಮಾತು, ನಮ್ಮ ಮನೆಗಳ ಬ್ಯಾಗುಗಳಲ್ಲಿ ಬಟ್ಟೆಗಿಂತ ತಿಂಡಿಯೇ ಹೆಚ್ಚಾಗಿರುವುದರಿಂದ. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿಗಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹಸಿ ಕರಿಬೇವಿನ ಸೊಪ್ಪನ್ನು ಮಾತ್ರ ಒಯ್ಯಲೇಬಾರದು: ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರೊಂದಿಗೆ ಬರುತ್ತದೆಂದು ಅಮೆರಿಕದಲ್ಲಿ ಅದಕ್ಕೆ ನಿಷೇಧವಿದೆ. ಹಣ್ಣು, ಬೀಜ, ಗಿಡ, ಮಾಂಸದ ಪದಾರ್ಥಗಳನ್ನೂ ಮನೆಯಲ್ಲಿಯೇ ಬಿಡುವುದು ಉತ್ತಮ. ತಿನ್ನುವ ವಸ್ತು ಇದೆಯೇ ಎಂದು ಕೇಳಿದರೆ ಇದೆ ಎಂದೇ ಹೇಳಬೇಕು. ಹೇಳಿದ ವಸ್ತು ನಿಷಿದ್ಧವೆಂದು ಕಂಡುಬಂದರೆ ಅದನ್ನು ತೆಗೆದು ಎಸೆಯುತ್ತಾರೆ, ಅಷ್ಟೇ. ಮುಚ್ಚಿಟ್ಟ ವಸ್ತು ಸಿಕ್ಕಿದರೆ ದಂಡ ಬೀಳುತ್ತದೆ. ಒಣ ಕೊಬ್ಬರಿಗೆ ತೊಂದರೆ ಬೆಂಗಳೂರಿನಲ್ಲಿಯೇ ಎದುರಾಗುತ್ತದೆ: ಅದರ ಎಣ್ಣೆಯ ಅಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಸಾಧ್ಯತೆ ಇರುವುದರಿಂದ ಚೆಕ್-ಇನ್ ಲಗೇಜಿನಲ್ಲಿ ಅದನ್ನು ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು. ದಿನನಿತ್ಯದ ಮಾತ್ರೆಗಳನ್ನೂ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಯೇ ಇರಿಸಿ, ಏಕೆಂದರೆ ದೊಡ್ಡ ಬ್ಯಾಗು ಒಂದೆರಡು ದಿನ ತಡವಾಗಿ ಬಂದರೂ ರಕ್ತದೊತ್ತಡದ ಮಾತ್ರೆ ತಪ್ಪಬಾರದು.

ಇಷ್ಟೆಲ್ಲ ಕೆಲಸಕ್ಕೆ ಚಿಕಾಗೊದಲ್ಲಿ ಎಷ್ಟು ಸಮಯ ಬೇಕು? ವಿಮಾನ ಸಂಸ್ಥೆಗಳು ಎರಡು ಗಂಟೆಗೂ ಕಡಿಮೆ ಅಂತರದ ಟಿಕೆಟ್ ಮಾರುವುದುಂಟು, ಅದು ನಿಯಮಬದ್ಧವೂ ಹೌದು. ಆದರೆ ಮೊದಲ ಬಾರಿ ಬರುವ ಹಿರಿಯರಿಗೆ ಮೂರು ಗಂಟೆಗಿಂತ ಕಡಿಮೆ ಇರಬಾರದು, ನಾಲ್ಕಿದ್ದರೆ ಇನ್ನೂ ನೆಮ್ಮದಿ ಎಂಬುದು ನನ್ನ ಅಭಿಪ್ರಾಯ. ನಿಮ್ಮದು ಒಂದೇ ಟಿಕೆಟ್ ಆಗಿರುವುದರಿಂದ, ಹಿಂದಿನ ವಿಮಾನ ತಡವಾಗಿ ಕೊಲಂಬಸ್ ವಿಮಾನ ತಪ್ಪಿದರೂ ಮುಂದಿನ ವಿಮಾನದಲ್ಲಿ ಸ್ಥಳ ಕೊಡುವ ಹೊಣೆ ಸಂಸ್ಥೆಯದು. ಹಣ ಉಳಿಸಲೆಂದು ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಈ ರಕ್ಷಣೆ ಇರುತ್ತಿರಲಿಲ್ಲ. ಬೆಂಗಳೂರಿನಿಂದ ದುಬೈಗೆ ಒಂದು ಸಂಸ್ಥೆಯ ಟಿಕೆಟ್, ದುಬೈಯಿಂದ ಅಮೆರಿಕಕ್ಕೆ ಇನ್ನೊಂದರ ಟಿಕೆಟ್ ಇದ್ದು, ಎರಡು ಸಂಸ್ಥೆಗಳ ನಡುವೆ ಲಗೇಜು ಒಪ್ಪಂದ ಇಲ್ಲದಿದ್ದರೆ, ಬ್ಯಾಗನ್ನು ದುಬೈಯಲ್ಲಿ ಹೊರಗೆ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ. ಹಾಗೆ ಹೊರಗೆ ಬರಲು ಅಲ್ಲಿನ ವೀಸಾ ಬೇಕು. ತಂದೆ ತಾಯಿಯ ಪ್ರಯಾಣಕ್ಕೆ ಇಂತಹ ಉಳಿತಾಯ ಬೇಡವೇ ಬೇಡ.

ವೀಲ್‌ಚೇರ್ ಸೇವೆಯನ್ನು ಕಾಯ್ದಿರಿಸಬೇಕೆ ಎಂದು ನೀವು ಕೇಳಿಲ್ಲವಾದರೂ ಹೇಳುತ್ತೇನೆ. ಮಂಡಿನೋವು ಇರುವವರು, ದೂರ ನಡೆಯಲಾಗದವರು ಸಂಕೋಚ ಪಡಬೇಕಾಗಿಲ್ಲ. ಪ್ರಯಾಣಕ್ಕೆ 48 ಗಂಟೆ ಮೊದಲೇ ವಿಮಾನ ಸಂಸ್ಥೆಗೆ ತಿಳಿಸಿದರೆ ಪ್ರತಿ ನಿಲ್ದಾಣದಲ್ಲಿಯೂ ಸಹಾಯಕರೊಬ್ಬರು ಬಂದು ಇಮಿಗ್ರೇಷನ್, ಲಗೇಜು, ಮುಂದಿನ ಗೇಟಿನವರೆಗೆ ಕರೆದೊಯ್ಯುತ್ತಾರೆ. ಕಾಲು ಗಟ್ಟಿಯಾಗಿದ್ದು ಭಾಷೆಯ ಅಳುಕು ಮಾತ್ರ ಇರುವವರಿಗೆ, ಅದೇ ಮಾರ್ಗದಲ್ಲಿ ಬರುವ ಕನ್ನಡ ಬಲ್ಲ ಸಹಪ್ರಯಾಣಿಕರನ್ನು ಅಮೆರಿಕದ ಕನ್ನಡ ಕೂಟಗಳ ಮೂಲಕ ಹುಡುಕಿಕೊಳ್ಳುವುದು ಹೆಚ್ಚು ಸರಿಯಾದ ದಾರಿ.

ಚಿಕಾಗೊದ ಈ ಕಷ್ಟವನ್ನು ತಪ್ಪಿಸುವ ಮಾರ್ಗವೊಂದು ಅಬುಧಾಬಿಯಲ್ಲಿದೆ. ಅಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಕುಳಿತು, ಅಮೆರಿಕಕ್ಕೆ ನೇರವಾಗಿ ಹೊರಡುವ ವಿಮಾನ ಹತ್ತುವ ಮೊದಲೇ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಮುಗಿಸುತ್ತಾರೆ. ಅಮೆರಿಕದಲ್ಲಿ ಇಳಿದಾಗ ದೇಶೀಯ ಪ್ರಯಾಣಿಕರಂತೆಯೇ ಹೊರಬರಬಹುದು. ಮುಂದಿನ ಬಾರಿ ಟಿಕೆಟ್ ಹುಡುಕುವಾಗ ಇದನ್ನೂ ಗಮನಿಸಿ.

ಕೊಲಂಬಸ್‌ನ ಬೆಲ್ಟಿನಲ್ಲಿ ಬ್ಯಾಗು ಬಾರದಿದ್ದರೆ ಮನೆಗೆ ಹೋಗಿ ಫೋನ್ ಮಾಡೋಣ ಎಂದುಕೊಳ್ಳದೆ, ನಿಲ್ದಾಣದಲ್ಲಿಯೇ ವಿಮಾನ ಸಂಸ್ಥೆಯ ಲಗೇಜು ಕಚೇರಿಗೆ ಹೋಗಿ ಲಿಖಿತ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಪಡೆಯಬೇಕು. ಭಾರತ, ಜರ್ಮನಿ, ಅಮೆರಿಕ ಮೂರೂ ಒಪ್ಪಿಕೊಂಡಿರುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಬ್ಯಾಗು ಹಾಳಾಗಿದ್ದರೆ ಏಳು ದಿನದೊಳಗೆ, ತಡವಾಗಿ ಬಂದಿದ್ದರೆ ಅದು ಕೈಸೇರಿದ 21 ದಿನದೊಳಗೆ ಲಿಖಿತವಾಗಿ ದೂರು ಸಲ್ಲಿಸಬೇಕು. 21 ದಿನವಾದರೂ ಬಾರದಿದ್ದರೆ ಕಳೆದುಹೋಗಿದೆ ಎಂದು ಪರಿಗಣಿಸಿ ಪರಿಹಾರ ಕೇಳಬಹುದು.

ಹಿಂತಿರುಗುವಾಗ ಇದೇ ಮಾರ್ಗವಾದರೆ ಕೊಲಂಬಸ್‌ನಲ್ಲಿ ಒಪ್ಪಿಸಿದ ಬ್ಯಾಗು ಬೆಂಗಳೂರಿನಲ್ಲಿಯೇ ಕೈಗೆ ಬರುತ್ತದೆ, ಏಕೆಂದರೆ ಭಾರತದಲ್ಲಿ ಅವರು ಮೊದಲು ಕಾಲಿಡುವ ನಿಲ್ದಾಣ ಅದೇ. ಅಮೆರಿಕದಿಂದ ಹೊರಡುವಾಗ ಅಲ್ಲಿ ಪ್ರತ್ಯೇಕ ಇಮಿಗ್ರೇಷನ್ ಕೌಂಟರ್ ಕೂಡ ಇರುವುದಿಲ್ಲ. ಆದರೆ ದೆಹಲಿ ಅಥವಾ ಮುಂಬೈಯಲ್ಲಿ ಇಳಿದು ಬೆಂಗಳೂರಿಗೆ ಬರುವ ಟಿಕೆಟ್ ಆಗಿದ್ದರೆ ಸಾಮಾನ್ಯವಾಗಿ ಇಮಿಗ್ರೇಷನ್, ಲಗೇಜು, ಕಸ್ಟಮ್ಸ್, ಮತ್ತೆ ಒಪ್ಪಿಸುವ ಕೆಲಸ ಎಲ್ಲವೂ ಅಲ್ಲಿ ನಡೆಯಬೇಕಾಗುತ್ತದೆ. ಮುಂಬೈಯಲ್ಲಿ ಮುಂದಿನ ವಿಮಾನ ಒಂದನೇ ಟರ್ಮಿನಲ್‌ನಿಂದ ಇದ್ದರೆ ಬ್ಯಾಗುಗಳೊಂದಿಗೆ ರಸ್ತೆ ಮಾರ್ಗವಾಗಿ ಅಲ್ಲಿಗೆ ಹೋಗಬೇಕು. ಆದ್ದರಿಂದ ಹಿಂದಿರುಗುವ ಟಿಕೆಟ್ಟನ್ನು ಇನ್ನೂ ಬದಲಿಸಲು ಅವಕಾಶವಿದ್ದರೂ, ನೇರವಾಗಿ ಬೆಂಗಳೂರಿನಲ್ಲಿ ಇಳಿಯುವ ಈಗಿನ ಮಾರ್ಗವನ್ನೇ ಉಳಿಸಿಕೊಳ್ಳಿ.